ಬಿಡುವಿನ ವೇಳೆ: ಘಟ್ಟದ ಮೇಲೊಂದು ಕೊಡ ಕಡಲು

ಕಳೆದ ಸಂಚಿಕೆಯಲ್ಲಿ ನಾವು ಬಾಲ್ಕನಿಯ ಕುಂಡಗಳಲ್ಲಿ ಕರಿಬೇವು, ಮೆಂತ್ಯ ಬೆಳೆಯುವ ಸಂಗತಿ ಬರೆದಿದ್ದೆವು. ಅದನ್ನೋದಿದ ಹಡಪಸರದ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗನಿಗೆ ಕರಿಬೇವು ಬೇಡ, ಕಡಲು ಬೇಕಂತೆ. ಹವಳದ ನಡುವೆ ಕಿತ್ತಳೆ ಬಣ್ಣದ ಮೀನು ಆಡುವ ಗಾಜಿನ ತೊಟ್ಟಿ ಮನೆಯಲ್ಲಿ ಆಗಲೇಬೇಕೆಂದು ಹಟ ಹಿಡಿದಿದ್ದಾನಂತೆ. ಅಂಗಡಿಯವರು ಎಪ್ಪತ್ತು ಸಾವಿರ ರೂಪಾಯಿ ಕೇಳಿದರಂತೆ. "ನಿಮ್ಮ ಮನೆಯಲ್ಲಿ ಇಂಥದೊಂದು ಇದೆಯೆಂದು ಸಂಕ್ರಾಂತಿಯ ಕೂಟದಲ್ಲಿ ಕೇಳಿದೆ. ಸರಕಾರಿ ಸಂಬಳದಲ್ಲಿ ಅದು ಹೇಗೆ ಸಾಧಿಸಿತು, ದಯಮಾಡಿ ತಿಳಿಸಬೇಕು" ಎಂದು ಅವರ ಕೋರಿಕೆ.

ಸಾಧಿಸಿತು ನಿಜ. ಆದರೆ ಹುಡುಗ ಕೇಳಿದ್ದರಲ್ಲಿ ಅರ್ಧ ಮಾತ್ರ. ಮೀನು ಉಂಟು, ಉಪ್ಪುನೀರು ಉಂಟು, ಗುಲಾಬಿ ಬಣ್ಣ ಹತ್ತಿದ ಬಂಡೆಗಳೂ ಉಂಟು. ಜೀವಂತ ಹವಳ ಮಾತ್ರ ನಮ್ಮ ತೊಟ್ಟಿಯಲ್ಲಿ ಇಲ್ಲ. ಏಕೆ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅಂಗಡಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎಂಬುದೊಂದಿದೆ. ಹುಲಿ, ಆನೆಗಳ ಹೆಸರಿರುವ ಅದರ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ಬಂಡೆ ಕಟ್ಟುವ ಎಲ್ಲ ಹವಳಗಳನ್ನೂ ಸೇರಿಸಿದರು. ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ. ಹಾಗೆಯೇ ಮಕ್ಕಳಿಗೆ ಬಹು ಪ್ರಿಯವಾದ ಕಡಲಕುದುರೆ ಕೂಡ. ಈ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಅಪರಾಧ ಸಿದ್ಧವಾದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಏಳು ವರ್ಷದವರೆಗೆ ಸೆರೆವಾಸ. ೨೦೨೨ರ ತಿದ್ದುಪಡಿಯ ಮೇಲೆ ದಂಡ ಕನಿಷ್ಠ ೨೫,೦೦೦ ರೂಪಾಯಿ. ಸತ್ತ ಹವಳದ ಬಿಳಿಯ ಗಟ್ಟಿಯೂ ಇದಕ್ಕೆ ಹೊರತಲ್ಲ. ಅಂದಮಾನಿಗೆ ಹೋದವರು ಷೋಕೇಸಿಗೆಂದು ತರುವ ಹವಳದ ತುಂಡೂ ಇದೇ ಲೆಕ್ಕದಲ್ಲಿ ಬರುತ್ತದೆ. ವಿದೇಶದಲ್ಲಿ ಸಾಕಿ ಬೆಳೆಸಿದ್ದು ಎಂದು ಅಂಗಡಿಯವರು ಹೇಳಿದರೆ, ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದಕ್ಕೆ ಪರವಾನಗಿಯ ಕಾಗದ ಇರಬೇಕು. ಕಾಗದ ತೋರಿಸಿ ಎಂದು ಕೇಳಿ ನೋಡಿ. ಮಾತು ಕೂಡಲೇ ಹವಾಮಾನದ ಕಡೆಗೆ ತಿರುಗುತ್ತದೆ.

ನಾವು ಹೋದ ಅಂಗಡಿಯೊಂದರಲ್ಲಿ, ಹೆಸರು ಬೇಡ, ಹಸಿರು ಬಣ್ಣದ ಹವಳದ ತುಂಡೊಂದನ್ನು ಒಳಕೋಣೆಯಿಂದ ತಂದು ತೋರಿಸಿದರು. "ಸಾಹೇಬ, ಕೋಣೀ ವಿಚಾರತ ನಾಹೀ" ಎಂದರು. ಯಾರೂ ಕೇಳುವುದಿಲ್ಲವೆಂಬುದು ಇರಬಹುದು. ಹಗಲೆಲ್ಲ ನಿಯಮದ ಫೈಲು ತಿರುವುವ ಕಾರಕೂನರ ಮನೆಯ ನಡುಮನೆಯಲ್ಲಿ, ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ದೀಪ ಹಚ್ಚಿ, ಅನುಸೂಚಿತ ಪ್ರಾಣಿಯನ್ನು ಇಡುವುದೆಂದರೆ ನೌಕರಿಯನ್ನೇ ಗಾಜಿನ ತೊಟ್ಟಿಯಲ್ಲಿ ತೇಲಿಬಿಟ್ಟಂತೆ. ಅದಿರಲಿ. ಆ ತುಂಡನ್ನು ಯಾವುದೋ ದಡದಲ್ಲಿ ಯಾರೋ ಉಳಿಯಿಂದ ಎಬ್ಬಿಸಿ ತಂದಿರಬೇಕಷ್ಟೆ. ಅಲ್ಲಿ ಅದು ಅಂಗೈಯಗಲ ಬೆಳೆಯಲು ವರ್ಷಗಳೇ ಹಿಡಿದಿರುತ್ತವೆ. ನಮ್ಮ ಮನೆಯಲ್ಲಿ ಮೂರು ತಿಂಗಳಲ್ಲಿ ಸಾಯುತ್ತಿತ್ತು. ಮಗನಿಗೆ ಇದನ್ನು ಅಂಗಡಿಯ ಹೊರಗೆ ನಿಂತು ತಿಳಿಸಿ ಹೇಳಿದೆವು. ಅವನು ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಮಾತನಾಡಲಿಲ್ಲ. ಆ ಸಂಜೆ ಊಟಕ್ಕೂ ತಡವಾಗಿ ಬಂದ.

ಹಾಗಾದರೆ ಉಳಿದದ್ದೇನು? ಬಹಳ ಉಳಿಯಿತು.

ಮನೆಯಲ್ಲಿ ಕಡಲನ್ನು ಸಾಕುವ ಹವ್ಯಾಸ ಶ್ರೀಮಂತರ ಯಂತ್ರಗಳಿಂದ ಹುಟ್ಟಿದ್ದಲ್ಲ. ೧೮೪೬ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬಾಕೆ ಟಾರ್ಕೀ ಊರಿನ ಕಡಲತೀರದಿಂದ ಹವಳಜೀವಿಗಳನ್ನು ಲಂಡನಿಗೆ ತಂದು ಬದುಕಿಸಿಕೊಂಡರು. ಗಾಳಿ ಊದುವ ಪಂಪು ಆಗ ಎಲ್ಲಿಯದು? ಮನೆಯ ಸೇವಕಿ ತೆರೆದ ಕಿಟಕಿಯ ಮುಂದೆ ನಿಂತು, ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯುತ್ತಿದ್ದಳು. ನಾವು ಬಿಸಿ ಕಾಫಿಯನ್ನು ಲೋಟ-ಬಟ್ಟಲಿನಲ್ಲಿ ಆರಿಸಿದ ಹಾಗೆ. ಹವ್ಯಾಸ ಯಜಮಾನಿಯದು, ತೋಳುನೋವು ಸೇವಕಿಯದು. ಇಂಥ ಹಂಚಿಕೆ ಎಲ್ಲ ಮನೆಗಳಲ್ಲೂ ಉಂಟೆಂದು ನಮ್ಮ ಮನೆಯವರ ಅಭಿಪ್ರಾಯ. ಮುಂದೆ ೧೯೬೧ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬುವರು ಅಮೆರಿಕದ ಮೀನುಸಾಕಣೆಯ ಪತ್ರಿಕೆಯೊಂದರಲ್ಲಿ ತಮ್ಮ ಪದ್ಧತಿಯನ್ನು ಬರೆದರು. ದೊಡ್ಡ ಶೋಧಕ ಯಂತ್ರವಿಲ್ಲ. ಬಂಡೆ, ಬೆಳಕು, ಮೆಲ್ಲನೆ ಏಳುವ ಗಾಳಿಗುಳ್ಳೆ, ಇಷ್ಟೆ. ನೀರನ್ನು ಶುದ್ಧಿ ಮಾಡುವ ಕೆಲಸ ಬಂಡೆಯ ಸಂದಿಗಳಲ್ಲಿರುವ ಸೂಕ್ಷ್ಮಜೀವಿಗಳದು. ಇಂದು ಸಾವಿರಾರು ರೂಪಾಯಿಯ ಸಲಕರಣೆಗಳು ಬಂದಿದ್ದರೂ ಒಳಗಿನ ವಿದ್ಯೆ ಅದೇ. ನಾವು ಹಿಡಿದದ್ದೂ ಆ ದಾರಿಯನ್ನೇ, ಬಂಡೆಯ ವಿಷಯವೊಂದನ್ನು ಬಿಟ್ಟು. ಅವರದು ಕಡಲಿನಿಂದ ತಂದ ಬಂಡೆ. ನಮ್ಮದು ಕಾರಖಾನೆಯಲ್ಲಿ ಸುಟ್ಟು ಮಾಡಿದ, ತೂತುತೂತಾದ ಪಿಂಗಾಣಿಯ ಬಂಡೆ. ಹನ್ನೆರಡು ಕಿಲೋ ತಂದೆವು. ಮರಳಿನ ಬದಲು ಚಿಪ್ಪಿನ ಪುಡಿ. ಹವಳದ ಪುಡಿಯೆಂದು ಮಾರುವುದನ್ನು ಮುಟ್ಟಲಿಲ್ಲ.

ತೊಟ್ಟಿ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬಾಯಿ ಮಟ್ಟಕ್ಕೆ ೧೨೭ ಲೀಟರು. ಬಂಡೆ ಹಾಕಿ, ಮೇಲೆ ಎರಡು ಬೆರಳು ಬಿಟ್ಟರೆ ನೂರು ಲೀಟರು ನೀರೆನ್ನಬಹುದು. ಇದಕ್ಕಿಂತ ಚಿಕ್ಕದು ಅಗ್ಗವಾದೀತೆಂದು ತೋರುತ್ತದೆ, ಆದರೆ ಹಾಗಲ್ಲ. ಚಿಕ್ಕ ತೊಟ್ಟಿಯಲ್ಲಿ ಬಿಸಿಲೇರಿದರೆ ತಟ್ಟನೆ ನೀರು ಕಾಯುತ್ತದೆ, ಒಂದು ತುತ್ತು ಹೆಚ್ಚಾದರೆ ನೀರು ಕೆಡುತ್ತದೆ. ನೀರು, ಕಲ್ಲು, ಗಾಜು ಸೇರಿ ತೂಕ ಒಂದೂವರೆ ಕ್ವಿಂಟಾಲಿನಷ್ಟಾಗುವುದರಿಂದ ಅಡ್ಡಗೋಡೆಯ ಹಲಗೆಯಾಗಲಿ, ಓದುವ ಮೇಜಾಗಲಿ ಕೆಲಸಕ್ಕೆ ಬಾರದು. ಕಬ್ಬಿಣದ ಸ್ಟ್ಯಾಂಡು ಬೆಸೆಯಿಸಿ, ತೊಲೆಯ ನೇರಕ್ಕೆ ಗೋಡೆಗೆ ಆನಿಸಿ ಇಡಬೇಕು. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳುವುದು ಲೇಸು.

ಇನ್ನು ನೀರು. ಈ ಹವ್ಯಾಸದ ಮುಕ್ಕಾಲು ಪಾಲು ನೀರಿನ ಹವ್ಯಾಸವೇ, ಮೀನು ನೆಪಕ್ಕೆ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಂ ಲವಣ. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ನಮ್ಮ ಅಡುಗೆಯ ಉಪ್ಪೇ ಆದರೂ, ಉಳಿದ ಮ್ಯಾಗ್ನೀಸಿಯಂ, ಸುಣ್ಣ, ಪೊಟ್ಯಾಸಿಯಂ, ಗಂಧಕದ ಲವಣಗಳಿಲ್ಲದೆ ಕಡಲ ಜೀವ ನಿಲ್ಲದು. ಆದ್ದರಿಂದ ಅಯೋಡೀನು ಬೆರೆಸಿದ ಡಬ್ಬಿಯ ಉಪ್ಪು ಕರಗಿಸುವ ವಿಚಾರ ಬೇಡ. ಇದಕ್ಕೆಂದೇ ಬೆರೆಸಿದ ಕಡಲುಪ್ಪಿನ ಚೀಲ ಸಿಗುತ್ತದೆ. ನೂರು ಲೀಟರಿಗೆ ಮೂರೂವರೆ ಕಿಲೋ. "ಅಲ್ರೀ, ವರ್ಷದ ಉಪ್ಪಿನಕಾಯಿಗೂ ಇಷ್ಟು ಉಪ್ಪು ಹಿಡಿಯಂಗಿಲ್ಲಲ್ರೀ!" ಎಂದು ನಮ್ಮ ಮನೆಯವರು ಬೆರಗಾದರು.

ಕಾರವಾರದ ಕಡೆಯ ಬಂಧುಗಳು ಕ್ಯಾನಿನಲ್ಲಿ ನಿಜವಾದ ಕಡಲ ನೀರನ್ನೇ ತಂದುಕೊಡುವುದಾಗಿ ಹೇಳಿದ್ದರು. ಅವರ ಪ್ರೀತಿ ದೊಡ್ಡದು, ಆದರೆ ಇಪ್ಪತ್ತು ಲೀಟರಿನ ಕ್ಯಾನು ಇಪ್ಪತ್ತು ಕಿಲೋಗಿಂತ ಭಾರ. ನೂರು ಲೀಟರಿಗೆ ಐದು ಕ್ಯಾನು, ಮೇಲೆ ವಾರವಾರವೂ ಹತ್ತು ಲೀಟರು. ಅಲ್ಲದೆ ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಸೇರಿ ಅಲ್ಲಿಯ ದಡದ ನೀರಿನ ಉಪ್ಪು ಇಳಿದುಹೋಗುತ್ತದೆ. ಮುಂಬಯಿಯ ದಡದ ನೀರಿನ ಮಾತಂತೂ ಎತ್ತುವುದೇ ಬೇಡ. ಪುಣೆಯವರಿಗೆ ಚೀಲದ ಉಪ್ಪೇ ಗತಿ.

ಉಪ್ಪು ಕರಗಿಸಲು ನಲ್ಲಿಯ ನೀರು ನೇರವಾಗಿ ಸಲ್ಲದು. ಕ್ಲೋರಿನ್ ಮೀನಿಗೂ ಸೂಕ್ಷ್ಮಜೀವಿಗಳಿಗೂ ವಿಷ. ಅಡುಗೆಮನೆಯ ಆರ್.ಓ. ಯಂತ್ರದ ನೀರನ್ನೇ ನಾವು ಮೂರು ದಿನ ಸ್ವಲ್ಪ ಸ್ವಲ್ಪವಾಗಿ ಕೂಡಿಸಿದೆವು. ಹವಳ ಸಾಕುವ ದೇಶಗಳಲ್ಲಿ ಅದನ್ನು ಇನ್ನೂ ಸೋಸಿ ಲವಣದ ಲೆಕ್ಕವನ್ನು ಸೊನ್ನೆಗೆ ತರುತ್ತಾರೆ. ಮೀನಿನ ತೊಟ್ಟಿಗೆ ಅಷ್ಟು ಬೇಕಿಲ್ಲ. ಉಪ್ಪಿನ ಪ್ರಮಾಣ ಅಳೆಯಲು ರಿಫ್ರಾಕ್ಟೋಮೀಟರು ಎಂಬ ಕೈಯಳತೆಯ ದುರ್ಬೀನು ಬೇಕು. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ೧.೦೨೫ರ ಆಸುಪಾಸಿನಲ್ಲಿ ಗೆರೆ ಕಾಣಬೇಕು. ಇದರಲ್ಲಿ ಜಿಪುಣತನ ಮಾಡಬೇಡಿರಿ. ದೀಪ ಸೆಕೆಂಡ್ ಹ್ಯಾಂಡ್ ಆದರೂ ನಡೆದೀತು, ಅಳತೆಯ ಉಪಕರಣ ಸರಿಯಾಗಿರಬೇಕು.

ಹೊಸಬರು ಎಡವುವ ಸ್ಥಳ ಇನ್ನೊಂದಿದೆ. ದಿನವೂ ತೊಟ್ಟಿಯಿಂದ ಒಂದು ಲೀಟರಿನಷ್ಟು ನೀರು ಆವಿಯಾಗುತ್ತದೆ. ಕಡಲ ತೊಟ್ಟಿಯಲ್ಲವೇ ಎಂದು ಉಪ್ಪುನೀರನ್ನೇ ಸುರಿಯುವವರುಂಟು. ಒಲೆಯ ಮೇಲೆ ಮರೆತ ಸಾರು ಕುದಿಕುದಿದು ಉಪ್ಪಾಗುವುದಿಲ್ಲವೇ? ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲಿಯೇ ಉಳಿಯುತ್ತದೆ. ಹತ್ತು ದಿನ ನೋಡದೆ ಬಿಟ್ಟರೆ ೩೫ ಇದ್ದದ್ದು ೩೯ರ ಹತ್ತಿರ ಹೋಗುತ್ತದೆ. ಆದ್ದರಿಂದ ಗಾಜಿನ ಮೇಲೆ ಒಂದು ಗೆರೆ ಎಳೆದು, ದಿನವೂ ಸಿಹಿನೀರನ್ನು ಆ ಗೆರೆಗೆ ತರಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಅವ್ವನದು. ತುಳಸಿಗೆ ನೀರು ಹಾಕಿ ಬಂದವಳು ಕಡಲಿಗೂ ಒಂದು ಚೊಂಬು ಹಾಕುತ್ತಾಳೆ.

ನೀರು ಸಿದ್ಧವಾದ ದಿನವೇ ಮೀನು ಬಿಡಬಾರದು. ಇದನ್ನು ದೊಡ್ಡ ಅಕ್ಷರದಲ್ಲಿ ಅಚ್ಚುಮಾಡಿಸಬೇಕೆಂದು ನಮ್ಮ ಮನಸ್ಸು. ಮೀನಿನ ಮಲಮೂತ್ರ, ಉಳಿದ ಆಹಾರ, ಎಲ್ಲದರಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ಹಿತವಲ್ಲ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ಮೀನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ, ವಾರಕ್ಕೊಮ್ಮೆ ನೀರು ಬದಲಿಸಿ ನಾವು ಹೊರಹಾಕಬಹುದು. ಈ ಎರಡು ಜಾತಿಗಳೂ ಹೊಸ ತೊಟ್ಟಿಯ ಬಂಡೆಗಳಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಅವುಗಳಿಗೆ ಆಹಾರವಾಗಿ ಅಮೋನಿಯಾ ಒದಗಿಸಬೇಕು. ಪುಸ್ತಕಗಳಲ್ಲಿ ಒಂದು ಸಿಗಡಿಯನ್ನು ಹಾಕಿ ಕೊಳೆಯಿಸಿರೆಂದು ಬರೆಯುತ್ತಾರೆ. ನಮ್ಮ ಮನೆಯ ಹೊಸ್ತಿಲನ್ನು ಸಿಗಡಿ ದಾಟುವಂತಿಲ್ಲ. ಹುಡುಕಿದಾಗ ತಿಳಿದದ್ದು, ಬೇಕಾದ ವಸ್ತು ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ: ನವಸಾಗರ! ಹಿಂದೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಉಜ್ಜುತ್ತಿದ್ದ ಅದೇ ಬಿಳಿಯ ಹರಳು, ಅಮೋನಿಯಂ ಕ್ಲೋರೈಡ್. ಕಲಾಯಿಯವರ ಹುಡಿಯಲ್ಲ, ರಸಾಯನದ ಅಂಗಡಿಯ ಶುದ್ಧವಾದದ್ದು ಬೇಕು. ನೂರು ಲೀಟರಿಗೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಸಾಕು.

ಪರಿಚಿತರ ತೊಟ್ಟಿಯಿಂದ ಒಂದು ಮುಷ್ಟಿ ಹಳೆಯ ಮರಳು ತಂದು ಹಾಕಿದೆವು. ಹಾಲಿಗೆ ಹೆಪ್ಪು ಹಾಕಿದಂತೆ. ಹಾಲು ಒಂದು ರಾತ್ರಿಯಲ್ಲಿ ಮೊಸರಾಗುತ್ತದೆ, ಕಡಲಿಗೆ ಮೂವತ್ತೆಂಟು ದಿನ ಹಿಡಿಯಿತು. ಅಷ್ಟೂ ದಿನ ಮಗ ಶಾಲೆಯಿಂದ ಬಂದವನೇ ಖಾಲಿ ತೊಟ್ಟಿಯ ಮುಂದೆ ಕೂತು, ಪರೀಕ್ಷೆಯ ಗಾಜಿನ ನಳಿಗೆಯಲ್ಲಿ ನೀರು ಹಾಕಿ, ಬಣ್ಣವನ್ನು ಪಟ್ಟಿಗೆ ಹೋಲಿಸಿ, ತಾರೀಖಿನ ಮುಂದೆ ಬರೆಯುತ್ತಿದ್ದ. ಹಸಿರು ಇಳಿದು ಹಳದಿಯಾದದ್ದನ್ನು, ಅಂದರೆ ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಇಲ್ಲವಾದದ್ದನ್ನು, ಅವನೇ ಮೊದಲು ಕಂಡ. ಅಂಗಡಿಯ ಹೊರಗಿನ ಮುನಿಸು ಆ ಹೊತ್ತಿಗೆ ಎಲ್ಲಿಯೋ ಕರಗಿತ್ತು.

ಬಿಸಿಲಿನ ವಿಷಯದಲ್ಲಿ ಪುಣೆ ನಮಗೆ ಉಪಕಾರವನ್ನೇ ಮಾಡಿದೆ. ತೊಟ್ಟಿಯ ನೀರು ೨೫ರಿಂದ ೨೭ ಡಿಗ್ರಿಯಲ್ಲಿರಬೇಕು. ಏಪ್ರಿಲಿನಲ್ಲಿ ಇಲ್ಲಿಯ ಹಗಲು ೪೦ರ ಹತ್ತಿರ ಹೋಗುತ್ತದೆ. ನೀರು ತಂಪುಮಾಡುವ ಯಂತ್ರಕ್ಕೆ ತೊಟ್ಟಿಗಿಂತ ಎಷ್ಟೋ ಪಾಲು ಬೆಲೆ. ಆದರೆ ಇಲ್ಲಿಯ ಬೇಸಿಗೆಯ ಗಾಳಿ ಒಣದು. ನೀರಿನ ಮೇಲೆ ಒಂದು ಚಿಕ್ಕ ಫ್ಯಾನು ಬೀಸುವಂತೆ ಇಟ್ಟರೆ ಆವಿ ಏಳುತ್ತಾ ನೀರು ಎರಡು ಮೂರು ಡಿಗ್ರಿ ಇಳಿಯುತ್ತದೆ; ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಮಂಗಳೂರಿನ ಜಿಗಟು ಹವೆಯಲ್ಲಿ ಈ ಉಪಾಯ ಇಷ್ಟು ನಡೆಯದು. ಕಡಲಿನ ಪಕ್ಕದವರಿಗೆ ಕಷ್ಟವಾದದ್ದು ಘಟ್ಟದ ಮೇಲಿನವರಿಗೆ ಸುಲಭ! ಚಳಿಗಾಲದ ರಾತ್ರಿಗೆ ಒಂದು ಹೀಟರು ಬೇಕಾಗುತ್ತದೆ.

ಮೀನು ಎರಡೇ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು. ೨೦೦೩ರ ಆ ಅಮೆರಿಕನ್ ಚಿತ್ರದ ನೀಮೋ ಎಂದರೆ ಮಕ್ಕಳಿಗೆ ತಿಳಿಯುತ್ತದೆ. ಕಡಲಿನಿಂದ ಹಿಡಿದದ್ದನ್ನಲ್ಲ, ಸಾಕಿ ಮರಿಮಾಡಿಸಿದ್ದನ್ನೇ ಕೇಳಿ ತರಬೇಕು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇವನ್ನು ತೊಟ್ಟಿಯಲ್ಲಿ ಮರಿಮಾಡಿಸುವ ವಿಧಾನವನ್ನು ಬಹಳ ಹಿಂದೆಯೇ ರೂಢಿಸಿದ್ದಾರೆ. ನವೀ ಮುಂಬಯಿಯ ಐರೋಲಿಯಲ್ಲಿಯೂ ಇಂಥ ಮರಿಕೇಂದ್ರ ಆಗಿದೆ. ಸಾಕಿದ ಮರಿ ಗುಳಿಗೆಯ ಆಹಾರಕ್ಕೆ ಒಗ್ಗಿರುತ್ತದೆ, ಬೇಗ ಸಾಯದು. ಹತ್ತು ವರ್ಷಕ್ಕೂ ಮೇಲೆ ಬದುಕುವ ಪ್ರಾಣಿಯಿದು. ಮಗ ಕಾಲೇಜಿಗೆ ಹೋದ ಮೇಲೆ ಇದರ ಕೂಳಿಗೆ ಯಾರು ಹೊಣೆ ಎಂಬುದನ್ನು ಕೊಳ್ಳುವ ಮೊದಲೇ ಮಾತಾಡಿಕೊಳ್ಳಿರಿ. ಎಲ್ಲ ಮರಿಗಳೂ ಮೊದಲು ಗಂಡೇ. ಜೋಡಿಯಲ್ಲಿ ದೊಡ್ಡದಾದದ್ದು ಹೆಣ್ಣಾಗಿ ಯಜಮಾನಿಕೆ ನಡೆಸುತ್ತದೆ. ಅದು ತೀರಿಕೊಂಡರೆ ಉಳಿದ ಗಂಡೇ ಹೆಣ್ಣಾಗುತ್ತದೆ. ಚಿತ್ರದಲ್ಲಿ ಈ ಭಾಗವನ್ನು ತೋರಿಸಿಲ್ಲ. ಅದೇ ಚಿತ್ರದ ನೀಲಿ ಮೀನನ್ನು ಕೇಳುವ ಮಕ್ಕಳುಂಟು. ಅದು ಒಂದಡಿಯವರೆಗೆ ಬೆಳೆಯುವ ಮೀನು, ಎರಡಡಿಯ ತೊಟ್ಟಿ ಅದಕ್ಕೆ ಸೆರೆಮನೆ. ಪಾಚಿ ಮೇಯಲು ಕೆಲವು ಬಸವನಹುಳುಗಳನ್ನೂ, ಶಂಖದಲ್ಲಿ ಮನೆ ಮಾಡುವ ಎರಡು ಏಡಿಗಳನ್ನೂ ಬಿಟ್ಟಿದ್ದೇವೆ. ಹವಳವಿರಬೇಕಾದಲ್ಲಿ ಕಡಲಪಾಚಿಯ ಹಸಿರು ಗೊಂಚಲು ಬೆಳೆಸಿದ್ದೇವೆ. ಅದು ನೈಟ್ರೇಟನ್ನೂ ಹೀರುತ್ತದೆ. ಎಂಟನೆಯ ತಿಂಗಳಲ್ಲಿ ಬಂಡೆಯ ಮೇಲೆ ಸುಣ್ಣ ಕಟ್ಟುವ ಗುಲಾಬಿ ಪಾಚಿ ತಾನಾಗಿ ಹತ್ತಿತು.

ಸೋದರಿ ಕೇಳಿದ ಲೆಕ್ಕ ಇದು. ತೊಟ್ಟಿ, ಸ್ಟ್ಯಾಂಡು ಸೇರಿ ೬,೦೦೦, ಬಂಡೆ ೩,೦೦೦, ಚಿಪ್ಪಿನ ಪುಡಿ ೧,೪೦೦, ನೀರು ತಿರುಗಿಸುವ ಎರಡು ಪಂಪು ೨,೨೦೦, ಹೀಟರು ೮೦೦, ದೀಪ ೨,೬೦೦, ಉಪ್ಪಿನ ಚೀಲ ೩,೦೦೦, ರಿಫ್ರಾಕ್ಟೋಮೀಟರು ೧,೬೦೦, ಪರೀಕ್ಷೆಯ ಸಾಮಾನು ೨,೪೦೦, ಬ್ಯಾಟರಿಯ ಗಾಳಿಪಂಪು ೯೦೦, ಮೀನು ೧,೬೦೦, ಹುಳು, ಏಡಿ ೬೦೦. ಒಟ್ಟು ೨೬,೧೦೦ ರೂಪಾಯಿ. ಫ್ಯಾನು ಮನೆಯದೇ. ಒಮ್ಮೆಲೇ ತೆತ್ತದ್ದಲ್ಲ, ಐದು ತಿಂಗಳ ಮೇಲೆ ಹಂಚಿದ್ದು. ಹೇಗೂ ಕಾಯುವುದು ಅನಿವಾರ್ಯವಾದ ಕೆಲಸವಾದ್ದರಿಂದ ಕಂತಿಗೆ ಹೇಳಿ ಮಾಡಿಸಿದಂತಿದೆ. ಈಗ ತಿಂಗಳಿಗೆ ಉಪ್ಪಿಗೂ ವಿದ್ಯುತ್ತಿಗೂ ಸೇರಿ ಆರುನೂರರ ಆಸುಪಾಸು. ನಮ್ಮಂಥವರಿಗೆ ಇದು ಚಿಕ್ಕ ಮೊತ್ತವಲ್ಲ. ಆ ವರ್ಷ ದೀಪಾವಳಿಗೆ ಹೊಸ ಸೋಫಾ ಬರಲಿಲ್ಲ.

ಬ್ಯಾಟರಿಯ ಪಂಪನ್ನು ಕೆಲವರು ದಂಡವೆನ್ನುತ್ತಾರೆ. ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಮರ ಬಿದ್ದು ಹನ್ನೊಂದು ಗಂಟೆ ಕರೆಂಟಿರಲಿಲ್ಲ. ನೀರು ತಿರುಗದಿದ್ದರೆ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ತೀರುತ್ತದೆ. ರಾತ್ರಿ ಪಾಚಿಯೂ ಆಮ್ಲಜನಕ ಬಿಡದೆ ತಾನೇ ಬಳಸುತ್ತದೆ. ಒಂಬೈನೂರರ ಪಂಪು ಬುಳುಬುಳು ಎನ್ನುತ್ತ ನಡೆಯಿತು. ನಡುರಾತ್ರಿ ಬ್ಯಾಟರಿ ಸೋತಾಗ ನಾವೂ ಮಗನೂ ಸರದಿಯ ಮೇಲೆ ಮಗ್ಗಿನಿಂದ ನೀರೆತ್ತಿ ಸುರಿದೆವು, ಆನಾ ಥಿನ್ನರ ಸೇವಕಿಯಂತೆ. ಬೆಳಗಿನ ನಾಲ್ಕಕ್ಕೆ ದೀಪ ಬಂತು. ಎರಡೂ ಮೀನು ಉಳಿದವು.

ಇನ್ನು ನಿಜವಾದ ಹವಳ ನೋಡುವ ಆಸೆ. ಅದಕ್ಕೆ ಮಾಲವಣಕ್ಕೆ ಹೋಗಿರಿ. ಪುಣೆಯಿಂದ ಒಂದು ರಾತ್ರಿಯ ಬಸ್ಸು. ಶಿವಾಜಿ ಮಹಾರಾಜರು ಕಟ್ಟಿಸಿದ ಸಿಂಧುದುರ್ಗದ ಸುತ್ತಿನ ನೀರಿನಲ್ಲಿ ಹವಳಗಳಿವೆ. ೧೯೮೭ರಲ್ಲಿ ಅಲ್ಲಿ ಕಡಲ ಅಭಯಾರಣ್ಯವಾಯಿತು. ಊರ ಕಡೆ ಹೋದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಮಳೆಗಾಲ ಕಳೆದ ಮೇಲೆ ನೀರು ತಿಳಿಯಾಗಿರುವಾಗ ಮುಖವಾಡ ಕಟ್ಟಿಕೊಂಡು ಇಣುಕಿದರೆ ಸಾಕು. ಬೇಗ ಹೋಗುವುದು ಒಳ್ಳೆಯದು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯಿದ್ದು ಅದಕ್ಕೆ ಅನ್ನವನ್ನೂ ಬಣ್ಣವನ್ನೂ ಕೊಡುತ್ತದೆ. ಕಡಲು ವಾಡಿಕೆಗಿಂತ ಒಂದೆರಡು ಡಿಗ್ರಿ ಕಾದು ವಾರಗಟ್ಟಲೆ ಹಾಗೆಯೇ ಇದ್ದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ ೧೯೯೮, ೨೦೧೦, ೨೦೧೬, ೨೦೨೪ ಹೀಗೆ ಮತ್ತೆ ಮತ್ತೆ ಆಯಿತು. ತೊಟ್ಟಿಯ ಉಷ್ಣಮಾಪಕವನ್ನು ದಿನಕ್ಕೆರಡು ಸಲ ನೋಡುವ ಹುಡುಗನಿಗೆ ಒಂದೆರಡು ಡಿಗ್ರಿ ಎಂದರೇನೆಂದು ಬಿಡಿಸಿ ಹೇಳಬೇಕಾಗಲಿಲ್ಲ.

ಪತ್ರದ ಕೊನೆಯ ಪ್ರಶ್ನೆ: ಮೇ ತಿಂಗಳಲ್ಲಿ ಹದಿನೈದು ದಿನ ಊರಿಗೆ ಹೋದಾಗ ಇದರ ಗತಿಯೇನು? ನಮ್ಮಂಥ ಪರವೂರಿನವರಿಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನಾವು ಪಕ್ಕದ ಮನೆಯ ಮರಾಠೀ ಆಜಿಗೆ ಕೀಲಿಕೈ ಕೊಟ್ಟು ಹೋಗುತ್ತೇವೆ. ಆಹಾರವನ್ನು ದಿನಕ್ಕೊಂದರಂತೆ ಹದಿನೈದು ಕಾಗದದ ಪೊಟ್ಟಣ ಕಟ್ಟಿ, ತಾರೀಖು ಬರೆದು ಇಡುತ್ತೇವೆ. ಡಬ್ಬಿಯನ್ನೇ ಕೊಟ್ಟರೆ ಅಜ್ಜಿಯರ ಕೈ ಉದಾರ, ನೀರು ಕೆಡುತ್ತದೆ. ಬೇಸಿಗೆಯಲ್ಲಿ ಫ್ಯಾನು ನಡೆಯುವುದರಿಂದ ದಿನಕ್ಕೆ ಎರಡು ಲೀಟರು ಆವಿಯಾಗುತ್ತದೆಂದು ಮೂವತ್ತು ಲೀಟರು ಸಿಹಿನೀರನ್ನು ಮುಚ್ಚಿದ ಕ್ಯಾನುಗಳಲ್ಲಿ ತುಂಬಿಡುತ್ತೇವೆ. ಗಾಜಿನ ಮೇಲಿನ ಗೆರೆ ಆಜಿಗೆ ಕಾಣುವಂತೆ ಕೆಂಪು ಬಣ್ಣದ್ದು. ಉಪ್ಪಿನ ಚೀಲವನ್ನು ಮಾತ್ರ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ. ಮುಂದಿನ ಸಂಚಿಕೆಯಲ್ಲಿ, ಸೋಲಾಪುರದ ವಾಚಕರೊಬ್ಬರು ಕೇಳಿರುವ ಹಳೆಯ ಹಾರ್ಮೋನಿಯಮ್ಮಿನ ತಿದಿ ಸರಿಮಾಡುವ ವಿಷಯ.